ಮೂಗಿನ ತುದಿಯ ಪೆನ್ಸಿಲ್

ಚಲಪತಿಯ ಕಷ್ಟಕ್ಕೆಲ್ಲ ಕಾರಣ ಒಂದು ಪೆನ್ಸಿಲ್ಲು. ಆ ಪೆನ್ಸಿಲ್ಲಿಗೂ ಹಿಂದಿನ ಕಾರಣ ಒಂದು ಹಸು.

ಹೋದ ವರ್ಷ ಫೆಬ್ರವರಿಯಲ್ಲಿ ಬೂದಿಗೆರೆಯ ನೆತ್ತಿಯ ಮೇಲೆ ಯುದ್ಧವಿಮಾನಗಳು ತಾಲೀಮು ನಡೆಸಿದ್ದವು. ಅದರಲ್ಲೊಂದು ಸೊಣ್ಣಪ್ಪನ ಕೊಟ್ಟಿಗೆಯ ಹೆಂಚು ಸವರಿಕೊಂಡೇ ಹೋಯಿತೇನೋ ಎಂಬಂತೆ ಗುಡುಗಿತು. ಹಸು ಬಕೆಟ್ಟನ್ನು ಒದ್ದು, ಸೊಣ್ಣಪ್ಪನನ್ನೂ ಒದ್ದು, ಮೂರು ದಿನ ಹಾಲು ಬಿಡಲಿಲ್ಲ. ಬೇರೆಯವರಾಗಿದ್ದರೆ ಆಕಾಶಕ್ಕೆ ಬೈದು ಸುಮ್ಮನಾಗುತ್ತಿದ್ದರು. ಸೊಣ್ಣಪ್ಪ ಸೊಂಟ ಹಿಡಿದುಕೊಂಡು ಎದ್ದು ನಿಂತು, ಮೇಲೆ ನೋಡಿ ಹೇಳಿದ:

"ನನ್ನ ಹಸೂನ ಹೆದರ್ಸೋದೇ ಆದ್ರೆ ನನ್ನ ಮಗನೇ ಹೆದರ್ಸ್ಲಿ. ಕಂಡೋರ ಮಕ್ಕಳು ಯಾಕೆ?"

ಅವತ್ತೇ ಮಗ ಪೈಲಟ್ ಆಗುವುದು ತೀರ್ಮಾನವಾಯಿತು. ಮಗನನ್ನು ಕೇಳುವುದೊಂದು ಮರೆತುಹೋಯಿತು.

ಚಲಪತಿ ಒಳ್ಳೆಯ ಹುಡುಗ. ಬಿಎಸ್ಸಿ ಮುಗಿಸಿದ್ದ, ಲೆಕ್ಕದಲ್ಲಿ ಚುರುಕು. ಆದರೆ ಎತ್ತರವೆಂದರೆ ಅವನ ಜೀವ ಬಾಯಿಗೆ ಬರುತ್ತಿತ್ತು. ಹುಲ್ಲಿನ ಮೆದೆ ಹತ್ತಿದರೆ ಇಳಿಸಲು ಇಬ್ಬರು ಬೇಕು. ಅಟ್ಟದಿಂದ ಈರುಳ್ಳಿ ತರಲು ಹೋದವನು ಈರುಳ್ಳಿಯನ್ನು ಕೆಳಗೆ ಕಳಿಸಿ ತಾನು ಅಲ್ಲೇ ಉಳಿದದ್ದೂ ಉಂಟು. ಅವನ ಆಸೆಯೆಲ್ಲ ಒಂದೇ: ಕೊಟ್ಟಿಗೆಗೆ ಇನ್ನೆರಡು ಹಸು ಕಟ್ಟಬೇಕು, ಡೇರಿಗೆ ಹಾಲು ಹಾಕಬೇಕು, ಎರಡು ಕಾಲನ್ನೂ ನೆಲದ ಮೇಲೆ ಇಟ್ಟುಕೊಂಡು ಬದುಕಬೇಕು. ಕಣ್ಣಿಗೆ ಆಯಾಸವಾದಾಗ ಇದ್ದ ಒಂದು ಹಸುವೇ ಎರಡಾಗಿ ಕಾಣುತ್ತಿತ್ತು, ಜೊತೆಗೆ ತಲೆನೋವು. "ಎರಡು ಕಂಡ್ರೆ ಎರಡರ ಹಾಲು ಕರ್ಕೊಂಡು ಬಾ ಮಗ" ಎಂದು ಅಪ್ಪ ನಗುತ್ತಿದ್ದ. ಸಂಜೆ ಹೊತ್ತು ಎಲ್ಲರಿಗೂ ಹಾಗೇ ಕಾಣುತ್ತದೆಂದು ಚಲಪತಿ ತಿಳಿದಿದ್ದ.

ವಾಯುಸೇನೆಯ ಬರೆಯುವ ಪರೀಕ್ಷೆಯಲ್ಲಿ ಫೇಲಾಗೋಣವೆಂದು ಹೋದ. ಗೊತ್ತಿರುವ ಉತ್ತರವನ್ನು ತಪ್ಪು ಬರೆಯಲು ಕೈ ಬರಲಿಲ್ಲ, ಪಾಸಾದ. ಆಯ್ಕೆ ಶಿಬಿರದಲ್ಲಿ ಹಗ್ಗ ಹತ್ತಿಸಿದರು. ಭಯಕ್ಕೆ ಕಣ್ಣು ಬಿಗಿಯಾಗಿ ಮುಚ್ಚಿಕೊಂಡು ಹತ್ತಿದ. ನೋಡುತ್ತಿದ್ದ ಸಾಹೇಬರು, "ಕಣ್ಣು ಮುಚ್ಚಿಕೊಂಡೇ ಹತ್ತುತ್ತಾನೆ, ಎಂಥಾ ಧೈರ್ಯ!" ಎಂದು ಅಲ್ಲೂ ಪಾಸು ಮಾಡಿದರು. ಉಳಿದದ್ದು ವೈದ್ಯಕೀಯ ತಪಾಸಣೆಯೊಂದೇ. ಅಷ್ಟರಲ್ಲಿ ಸೊಣ್ಣಪ್ಪ ಡೇರಿಯ ಸಾಲಿನಲ್ಲಿ ನಿಂತವರಿಗೆಲ್ಲ ಮಗ ಪೈಲಟ್ ಆದನೆಂದು ಹೇಳಿ ಮುಗಿಸಿದ್ದ. ಅಂಥ ಅಪ್ಪನ ಮುಂದೆ ನಿಂತು 'ಒಲ್ಲೆ' ಅನ್ನುವುದು ಹುಲ್ಲಿನ ಮೆದೆ ಹತ್ತುವುದಕ್ಕಿಂತ ಕಷ್ಟ.

ಕೊನೆಗೆ ಚಲಪತಿ ಗೆಳೆಯ ಸುನಿಲ್‌ಕುಮಾರನ ಹತ್ತಿರ ಹೋದ. ಅವನಿಗೆ ದೇವನಹಳ್ಳಿ ಬಸ್ ಸ್ಟ್ಯಾಂಡಿನ ಕನ್ನಡಕದ ಅಂಗಡಿಯಲ್ಲಿ ಕೆಲಸ. ಫ್ರೇಮು ಒರೆಸುವುದು ಅವನ ಹುದ್ದೆ, ಸಲಹೆ ಕೊಡುವುದು ಅವನ ಹವ್ಯಾಸ.

"ಸಿಂಪಲ್ ಗುರು. ಕಣ್ಣೆರಡೂ ಒಂದೇ ನೇರಕ್ಕಿಲ್ಲ ಅಂದ್ರೆ ಪೈಲಟ್ ಮಾಡಲ್ಲ. ಒಂದು ಕಣ್ಣು ರನ್‌ವೇ ನೋಡಿ, ಇನ್ನೊಂದು ಸೂಲಿಬೆಲೆ ನೋಡಿದ್ರೆ ವಿಮಾನ ಎಲ್ಲಿ ಇಳಿಸ್ತೀಯ?"

"ನನ್ನ ಕಣ್ಣು ನೆಟ್ಟಗವೆ ಕಣೋ."

"ಕೆಡಿಸ್ಕೊಳ್ಳೋಕೆ ಏನ್ ಕಷ್ಟ?" ಎಂದು ಸುನಿಲ್ ಕಿವಿಯ ಮೇಲಿಂದ ಪೆನ್ಸಿಲ್ ತೆಗೆದುಕೊಟ್ಟ. "ಕೈ ಚಾಚಿ ಹಿಡ್ಕೋ. ತುದೀನೇ ನೋಡ್ತಾ ಮೆತ್ತಗೆ ಮೂಗಿನ ಹತ್ರ ತಾ. ಮತ್ತೆ ದೂರ ಒಯ್ಯಿ, ಮತ್ತೆ ತಾ. ದಿನಾ ಮಾಡು. ಕಣ್ಣು ಮೂಗಿನ ಹತ್ರಾನೇ ಗೂಟ ಹೊಡ್ಕೊಂಡು ಕೂತ್ಬಿಡ್ತವೆ."

ಚಲಪತಿ ಹಾಗೇ ಮಾಡಿದ. ಕೊಟ್ಟಿಗೆಯಲ್ಲಿ ಮಾಡಿದ, ಬಚ್ಚಲಲ್ಲಿ ಮಾಡಿದ, ಅವರೆ ಹೊಲದ ಮಧ್ಯೆ ನಿಂತು ಮಾಡಿದ. ಎರಡು ವಾರದಲ್ಲಿ ಬೇಕೆಂದಾಗ ಎರಡೂ ಕಣ್ಣನ್ನು ಮೂಗಿನ ಮೇಲೆ ತಂದು ನಿಲ್ಲಿಸುವ ವಿದ್ಯೆ ಕೈವಶವಾಯಿತು.

ತಪಾಸಣೆಯ ದಿನ ಬಂತು. ಬೆಳಿಗ್ಗೆ ಬಸ್ಸು ಹಿಡಿಯಲು ಅಪ್ಪ, ಅಜ್ಜಿ ಮುನಿತಾಯಮ್ಮನ ಜೊತೆ ಬೂದಿಗೆರೆ ಸರ್ಕಲ್ಲಿಗೆ ಬಂದ ಚಲಪತಿ ಅಲ್ಲೇ ಕಂಬದಂತೆ ನಿಂತ. ಎದುರಿಗೆ ಮನೆಯಷ್ಟು ದೊಡ್ಡ ಫ್ಲೆಕ್ಸು.

'ಬೂದಿಗೆರೆಯ ಹೆಮ್ಮೆಯ ಪೈಲಟ್ ಚಲಪತಿಯವರಿಗೆ ಹಾರ್ದಿಕ ಅಭಿನಂದನೆಗಳು. ಶುಭ ಕೋರುವವರು: ಪಿಳ್ಳಣ್ಣ.'

ಪಿಳ್ಳಣ್ಣನದು ಸರ್ಕಲ್ಲಿನಲ್ಲಿ ವೀಲ್ ಅಲೈನ್‌ಮೆಂಟ್ ಅಂಗಡಿ. ಮುಂದಿನ ಪಂಚಾಯ್ತಿ ಎಲೆಕ್ಷನ್ನಿನ ಮೇಲೆ ಕಣ್ಣಿಟ್ಟಿದ್ದ. ಹಾಗಾಗಿ ಫ್ಲೆಕ್ಸಿನಲ್ಲಿ ವಿಮಾನಕ್ಕಿಂತ ಅವನ ಕೂಲಿಂಗ್ ಗ್ಲಾಸೇ ದೊಡ್ಡದಾಗಿತ್ತು. ತೊಂದರೆ ಅದಲ್ಲ. ಚಲಪತಿಗೆ ಹೇಳದೆ ಆಶ್ಚರ್ಯಪಡಿಸೋಣವೆಂದು ಪಿಳ್ಳಣ್ಣ ಕೊಟ್ಟಿಗೆಯ ಕಿಟಕಿಯಿಂದ ಫೋಟೋ ಹೊಡೆದಿದ್ದ. ಪ್ರಿಂಟ್ ಹಾಕಿದವರು ಫೋಟೋದಿಂದ ಪೆನ್ಸಿಲ್ಲನ್ನೂ ಹಸುವನ್ನೂ ಕತ್ತರಿಸಿದ್ದರು. ಕಣ್ಣು ಮಾತ್ರ ಹಾಗೇ ಉಳಿದಿತ್ತು. ಫ್ಲೆಕ್ಸಿನ ಚಲಪತಿ ತನ್ನ ಮೂಗನ್ನೇ ಎರಡೂ ಕಣ್ಣಲ್ಲಿ ನೋಡುತ್ತ, ಜೇಬಿಂದ ಕಳೆದುಹೋದ ಕಾಸು ಅಲ್ಲೆಲ್ಲೋ ಬಿದ್ದಿದೆಯೆಂಬಂತೆ ಹುಡುಕುತ್ತಿದ್ದ.

ಸರ್ಕಲ್ಲಿನಲ್ಲಿ ಇಡ್ಲಿ ಮಾರುವ ಪಾಪಮ್ಮ ಮೊದಲು ಬಾಯಿಬಿಟ್ಟಳು. "ಅಯ್ಯೋ ಸೊಣ್ಣಪ್ಪಣ್ಣಾ, ನಿನ್ ಮಗನ ಕಣ್ಣೇನು, ಎರಡು ಹೋರಿ ಕೊಂಬಿಗೆ ಕೊಂಬು ತಾಗಿಸ್ದಂಗೆ ನಿಂತವೆ!"

"ಪ್ರಿಂಟಿಂಗ್ ಮಿಸ್ಟೇಕು ಕಣಮ್ಮೋ" ಎಂದ ಪಿಳ್ಳಣ್ಣ.

"ಮಿಸ್ಟೇಕಾ? ಹುಡುಗ ಇಲ್ಲೇ ಅವ್ನಲ್ಲ, ತಾಳೆ ನೋಡು!"

ಎಲ್ಲರೂ ತಿರುಗಿದರು. ಚಲಪತಿಗೆ ಇದಕ್ಕಿಂತ ಒಳ್ಳೆಯ ಮುಹೂರ್ತ ಸಿಗುವಂತಿರಲಿಲ್ಲ. ಎರಡು ಕಣ್ಣನ್ನೂ ಮೂಗಿಗೆ ತಂದು ನಿಲ್ಲಿಸಿದ. ಸೊಣ್ಣಪ್ಪನ ಮುಖ ಹಾಲು ಒಡೆದಂತಾಯಿತು.

"ಮಗಾ, ಏನಾಯ್ತು ಕಣ್ಣಿಗೆ?"

"ಗೊತ್ತಿಲ್ಲಪ್ಪ. ಹಿಂಗಾಗೋಗೈತೆ."

"ಆಗ್ದೆ ಇನ್ನೇನು!" ಮುನಿತಾಯಮ್ಮ ಎದೆ ಬಡಿದುಕೊಂಡಳು. "ಇಷ್ಟು ದೊಡ್ಡದಾಗಿ ಹಾಕಿದ್ರೆ ಹೊಸಕೋಟೆ ಕಡೆ ಹೋಗೋರ ದೃಷ್ಟಿ, ದೇವನಹಳ್ಳಿ ಕಡೆ ಹೋಗೋರ ದೃಷ್ಟಿ, ಎರಡೂ ಬಿದ್ದು ಮಧ್ಯದಲ್ಲಿ ಡಿಕ್ಕಿ ಹೊಡೆದಾವೆ! ಪಾಪಮ್ಮ, ಮೆಣಸಿನಕಾಯಿ ತಾ!"

ಇಡ್ಲಿ ಒಲೆಯಲ್ಲೇ ದೃಷ್ಟಿ ತೆಗೆಯುವ ಕೆಲಸ ನಡೆಯಿತು. ಉಪ್ಪು, ಮೆಣಸಿನಕಾಯಿ ನಿವಾಳಿಸಿ ಬೆಂಕಿಗೆ ಹಾಕಿದ್ದೇ ತಡ, ಸರ್ಕಲ್ಲಿಗೆ ಸರ್ಕಲ್ಲೇ ಕೆಮ್ಮಿತು. ಘಾಟು ಬಂದರೆ ದೃಷ್ಟಿಯಿಲ್ಲ, ಬಾರದಿದ್ದರೆ ದೃಷ್ಟಿಯಿದೆ ಎಂಬುದು ಲೆಕ್ಕ. ಕಣ್ಣೀರು ಸುರಿಸುತ್ತಲೇ ಮುನಿತಾಯಮ್ಮ, "ಘಾಟೇ ಇಲ್ಲ ನೋಡು, ಎಂಥಾ ಕೆಟ್ಟ ದೃಷ್ಟಿ!" ಎಂದಳು. ಪಾಪಮ್ಮ ನಂದಿಬಟ್ಟಲ ಹೂವು ನೆನೆಸಿದ ನೀರು ತಂದು ಕಣ್ಣಿಗೆ ಹುಯ್ದಳು. ಅಂಗಿಯ ಕಾಲರು ತೊಯ್ದು ತೊಪ್ಪೆಯಾಯಿತು. ಕಣ್ಣು ಮಾತ್ರ ಅಲುಗಲಿಲ್ಲ.

"ಪಕ್ಕಕ್ಕೆ ಸರೀರಿ ಎಲ್ಲಾ" ಎಂದು ಪಿಳ್ಳಣ್ಣ ಅಂಗಿಯ ತೋಳು ಮಡಚಿದ. "ಇದು ನಮ್ಮ ಲೈನ್ ಕೆಲಸ. ಎರಡು ವೀಲೂ ಒಳಗಡೆಗೆ ಎಳೀತಾವೆ. ಹಿಂದ್ಗಡೆಯಿಂದ ಒಂದು ತಟ್ಟಬೇಕು." ಎಂದವನೇ ಹುಡುಗನ ಹಿಂದಲೆಗೆ ಬಿಟ್ಟ ಏಟಿಗೆ ಚಲಪತಿಯ ಹಲ್ಲೆಲ್ಲ ಒಂದಕ್ಕೊಂದು ಪರಿಚಯ ಮಾಡಿಕೊಂಡವು.

"ಸರಿಹೋಯ್ತಾ?"

"ಇಲ್ಲ."

"ಇನ್ನೊಂದು ತಟ್ಲಾ?"

"ಬೇಡಣ್ಣೋ!"

ಈ ಗದ್ದಲದಲ್ಲಿ ಬಸ್ಸು ಹೊರಟುಹೋಗಿತ್ತು. ಪಿಳ್ಳಣ್ಣ ತನ್ನ ಕಾರು ತೆಗೆದ. ಪಾಪಮ್ಮ ಹೂವಿನ ನೀರಿನ ಚೊಂಬು ಹಿಡಿದು ಹಿಂದಿನ ಸೀಟಿಗೆ ಹತ್ತಿದಳು. ಸೊಣ್ಣಪ್ಪ ಬರಲಿಲ್ಲ. ಫ್ಲೆಕ್ಸಿನ ಕೆಳಗೆ ಕೂತು, "ಹೋಗ್ಬಾ ಮಗ, ಏನಾಗ್ತದೋ ಆಗ್ಲಿ" ಎಂದಷ್ಟೇ ಹೇಳಿದ. ಆ ದನಿ ಕೇಳಿ ಚಲಪತಿಗೆ ಒಂದು ಕ್ಷಣ ಕಣ್ಣು ನೆಟ್ಟಗೆ ಮಾಡಿಬಿಡೋಣ ಅನ್ನಿಸಿತು. ಆಗ ಮೇಲೆ ವಿಮಾನವೊಂದು ಹೋಯಿತು. ಕಣ್ಣು ಅಲ್ಲೇ ಇರಲಿ ಎಂದುಕೊಂಡ.

ದಾರಿಯುದ್ದಕ್ಕೂ ಪಾಪಮ್ಮ ಬಗ್ಗಿ ಬಗ್ಗಿ ಅವನ ಮುಖ ನೋಡುತ್ತಿದ್ದಳು. ಹಾಗಾಗಿ ಬೆಂಗಳೂರು ಮುಟ್ಟುವ ತನಕ ಕಣ್ಣು ಸಡಿಲ ಬಿಡುವಂತಿರಲಿಲ್ಲ. ತಪಾಸಣೆಯ ಗೇಟಿನಲ್ಲಿ ಜವಾನರು ಅವನನ್ನು ಮಾತ್ರ ಒಳಗೆ ಬಿಟ್ಟರು.

ಎದೆ, ಕಿವಿ, ಹಲ್ಲು, ಮಂಡಿ ಎಲ್ಲ ಮುಗಿದು ಕೊನೆಗೆ ಕಣ್ಣು. ಸಮವಸ್ತ್ರ ತೊಟ್ಟ ಡಾಕ್ಟರಮ್ಮ ಹಾಸನದ ಕಡೆಯವರು. ಅವನ ಒಂದು ಕಣ್ಣಿಗೆ ಕಾರ್ಡು ಮರೆ ಹಿಡಿದು, ತೆಗೆದು, ಇನ್ನೊಂದಕ್ಕೆ ಹಿಡಿದರು. ಚಲಪತಿ ಬಲವೆಲ್ಲ ಹಾಕಿ ಮೂಗು ನೋಡಿದ.

"ಯಾವಾಗಿಂದ ಹೀಗೆ?"

"ಹುಟ್ಟಿದಾಗಿಂದ್ಲೂ ಹಿಂಗೇ ಮೇಡಂ."

ಡಾಕ್ಟರಮ್ಮ ಹಣೆ ಚಚ್ಚಿಕೊಂಡರು. ಆಮೇಲೆ ಕಿಟಕಿಯತ್ತ ನೋಡಿ, "ಅಲ್ನೋಡು, ಕಾಂಪೌಂಡ್ ಮೇಲಿಂದ ಇಣುಕ್ತಿರೋರು ನಿಮ್ಮ ಕಡೆಯವರಾ?" ಎಂದರು.

ಚಲಪತಿ ನೋಡಿದ. ದೂರದ ಗೋಡೆಯ ಮೇಲೆ ಒಂದು ಕೂಲಿಂಗ್ ಗ್ಲಾಸು, ಪಕ್ಕದಲ್ಲಿ ಒಂದು ಚೊಂಬು. ಜವಾನನೊಬ್ಬ ಅತ್ತ ಓಡುತ್ತಿದ್ದ. ಎರಡೂ ಮಾಯವಾದವು.

"ನೋಡಿದ್ಯಾ? ಕಣ್ಣು ನೆಟ್ಟಗಾಯ್ತು" ಎಂದರು ಡಾಕ್ಟರಮ್ಮ. "ನಿಜವಾದ ಮೆಳ್ಳೆಗಣ್ಣು ಅಷ್ಟು ಸಲೀಸಾಗಿ ಸರಿಹೋಗಲ್ಲಪ್ಪ. ಟೆನ್ಷನ್ನಿಗೆ ಏನೇನೋ ಆಡೋ ಹುಡುಗರನ್ನ ದಿನಾ ನೋಡ್ತೀನಿ. ಆರಾಮಾಗಿ ಕೂತ್ಕೋ."

ಮೂಗಿಗೆ ಉದ್ದನೆಯ ಅಳತೆಪಟ್ಟಿ ಹಿಡಿದು, ಅದರ ಮೇಲಿನ ಚುಕ್ಕೆಯನ್ನು ಹತ್ತಿರ ಹತ್ತಿರ ತಂದರು. ಚಲಪತಿಯ ಕಣ್ಣು ಪಳಗಿದ ಎತ್ತಿನಂತೆ ಅದರ ಹಿಂದೆಯೇ ಮೂಗಿನ ತನಕ ಬಂದವು. ಆಮೇಲೆ ಕತ್ತಲು ಮಾಡಿ, ಒಂದು ಕಣ್ಣಿಗೆ ಗೀರುಗೀರಿನ ಕೆಂಪು ಗಾಜು ಹಿಡಿದು, ದೂರದ ದೀಪ ತೋರಿಸಿ, ಕೆಂಪು ಗೆರೆ ಎಲ್ಲಿ ಕಾಣುತ್ತದೆಂದು ಕೇಳಿದರು. ಎಡಕ್ಕೆ ಎಂದಿದ್ದರೆ ಸಾಕಿತ್ತು, ಬಲಕ್ಕೆ ಎಂದಿದ್ದರೂ ಸಾಕಿತ್ತು. ಆದರೆ ಗೊತ್ತಿರುವ ಉತ್ತರ!

"ಸರಿಯಾಗಿ ದೀಪದ ಮೇಲೇ ಮೇಡಂ" ಎಂದುಬಿಟ್ಟ. ನಾಲಿಗೆ ಕಚ್ಚಿಕೊಳ್ಳುವಷ್ಟರಲ್ಲಿ ದೀಪ ಹತ್ತಿತು.

"ಫಸ್ಟ್ ಕ್ಲಾಸ್! ಮುಂಚೆ ಓದುವಾಗ ತಲೆನೋವು, ಒಂದೊಂದ್ಸಲ ಎರಡೆರಡು ಕಾಣೋದು, ಹಂಗೇನಾದ್ರೂ ಇತ್ತಾ?"

ಚಲಪತಿ ಯೋಚಿಸಿದ. "ಇತ್ತು ಮೇಡಂ. ಈಚೆಗೆ... ಈಚೆಗೆ ಇಲ್ಲ."

"ಅದೇ ಅಂದ್ಕೊಂಡೆ. ನಿನ್ನ ಕಣ್ಣು ಹೊರಗಡೆಗೆ ಜಾರೋ ಥರದ್ದು. ಹಿಡಿತ ಸಾಲ್ತಿರಲಿಲ್ಲ. ಯಾವುದೋ ವ್ಯಾಯಾಮ ಮಾಡಿರ್ಬೇಕಲ್ಲ?"

"ಪೆನ್ಸಿಲ್ಲು ಮೇಡಂ... ಮೂಗಿನ ಹತ್ರ..."

"ಅದೇ ಸರಿಯಾದ ಚಿಕಿತ್ಸೆ! ಯಾರೋ ಒಳ್ಳೆ ಡಾಕ್ಟರೇ ಹೇಳಿಕೊಟ್ಟಿದ್ದಾರೆ."

ಚಲಪತಿ ಕುರ್ಚಿಯ ತುದಿಗೆ ಸರಿದ. "ಮೇಡಂ, ಅಕಸ್ಮಾತ್ ನಾನು ಏನೂ ಮಾಡ್ದೆ, ಸುಮ್ಮನೆ ಹಂಗೇ ಬಂದಿದ್ರೆ?"

"ಆವಾಗ ನಾನೇ ನಿನ್ನ ಮನೆಗೆ ಕಳಿಸ್ತಿದ್ದೆ" ಎಂದು ಡಾಕ್ಟರಮ್ಮ ನಕ್ಕು ಕೈಕುಲುಕಿದರು. "ಹೋಗು, ಇನ್ನು ಹಾರೋದೇ."

ಗೇಟಿನ ಹೊರಗೆ ಕಾರೂ ಇರಲಿಲ್ಲ, ಜನವೂ ಇರಲಿಲ್ಲ. ಚಲಪತಿ ಮೊದಲು ಮಾಡಿದ ಕೆಲಸವೆಂದರೆ ಸುನಿಲ್‌ಕುಮಾರನಿಗೆ ಫೋನು.

"ಲೇ ಪಾಪಿ! ನಿನ್ ಪೆನ್ಸಿಲ್ಲಿಂದ ಪಾಸಾಗ್ಬಿಟ್ಟೆ ಕಣೋ! ಸುಮ್ನೆ ಮನೇಲಿ ಕೂತಿದ್ರೆ ಫೇಲಾಗ್ತಿದ್ದೆ!"

ಆ ಕಡೆಯಿಂದ ಬರೀ "ಪಾಸಾ? ಪಾಸಾ?" ಎಂಬ ಕೂಗು ಕೇಳಿ, ಬ್ಯಾಟರಿ ಮುಗಿದು, ಫೋನು ಸತ್ತಿತು.

ಬಸ್ಸಿನಲ್ಲಿ ಕೂತು ಚಲಪತಿ ತೀರ್ಮಾನ ಮಾಡಿದ. ಫೇಲಾದೆ ಅಂತ ಹೇಳಿಬಿಡುವುದು. ಬರೆಯುವ ಪರೀಕ್ಷೆಯಲ್ಲ, ಬಾಯಿಮಾತು ತಾನೆ? ಕರೆಯೋಲೆ ಬಂದಾಗ ಪೋಸ್ಟ್‌ಮ್ಯಾನಿಗೆ ಒಂದು ಲೋಟ ಮಜ್ಜಿಗೆ ಕೊಟ್ಟು ನೋಡಿಕೊಂಡರಾಯಿತು. ಊರು ಬರುವ ತನಕ "ಫೇಲಾದೆ ಅಪ್ಪ, ಫೇಲಾದೆ ಅಪ್ಪ" ಎಂದು ಬಾಯಿಪಾಠ ಮಾಡಿದ.

ಮನೆಯ ಮುಂದೆ ಸೊಣ್ಣಪ್ಪ ನಗುತ್ತ ನಿಂತಿದ್ದ. ಅವನ ಹಿಂದೆ ಎರಡು ಹೊಸ ಹಸು. ಕಪ್ಪು ಬಿಳಿ ಮಚ್ಚೆಯವು, ಹಣೆಗೆ ಅರಿಶಿನ ಕುಂಕುಮ.

"ಬಾ ಮಗ. ಡಾಕ್ಟರಮ್ಮ ಹಣೆ ಚಚ್ಕೊಂಡಿದ್ದನ್ನ ಪಿಳ್ಳಣ್ಣ ಗೋಡೆ ಮೇಲಿಂದ ನೋಡಿದ್ನಂತೆ. ಬಂದು ಹೇಳ್ದ. ಹೋಗ್ಲಿ ಬಿಡು" ಎಂದು ಮಗನ ಹೆಗಲ ಮೇಲೆ ಕೈಹಾಕಿದ. "ಸೂಲಿಬೆಲೆ ಮಾವನ ಮನೆಯಿಂದ ಹೊಡ್ಕೊಂಡು ಬಂದೆ, ನಿಂಗೇ ಅಂತ. ನಿಜ ಹೇಳ್ಲಾ? ಮೂರು ರಾತ್ರಿ ನಿದ್ದೆ ಬಂದಿರ್ಲಿಲ್ಲ ಕಣೋ. ನಾನೂ ಅಟ್ಟ ಹತ್ತೋನಲ್ಲ, ನಿಮ್ಮ ತಾತನೂ ಹತ್ತೋನಲ್ಲ. ಊರಿಗೆಲ್ಲ ಹೇಳಿಬಿಟ್ಟಿದ್ದೆ, ಹೆಂಗೆ ವಾಪಸ್ ತಗೊಳ್ಳೋದು ಅಂತ ಒದ್ದಾಡ್ತಿದ್ದೆ. ದೇವರು ದೊಡ್ಡೋನು. ಫೇಲ್ ತಾನೆ?"

ಚಲಪತಿಯ ಎದೆಯೊಳಗೆ ಹಾಲು ಉಕ್ಕಿತು. ಬಾಯಿ ತೆರೆದ. "ಫೇ..."

ಢಂ! ಬೀದಿಯ ತುದಿಯಲ್ಲಿ ಪಟಾಕಿ ಸರ ಹೊತ್ತಿಕೊಂಡಿತು. ತನ್ನ ಪೆನ್ಸಿಲ್ಲಿಂದ ಪಾಸಾದನೆಂಬ ಹೆಮ್ಮೆಯಲ್ಲಿ ಉಳಿದದ್ದೆಲ್ಲ ಮರೆತ ಸುನಿಲ್‌ಕುಮಾರ್ ತಮಟೆಯವರನ್ನು ಮುಂದಿಟ್ಟುಕೊಂಡು ಬರುತ್ತಿದ್ದ. ಅವನ ಹಿಂದೆ ಹಾರ ಹಿಡಿದ ಪಿಳ್ಳಣ್ಣ, ಅವನ ಹಿಂದೆ ಚೊಂಬಿನ ಪಾಪಮ್ಮ. "ನನ್ನ ಒಂದೇ ಏಟಿಗೆ ಸರಿಹೋಯ್ತು!" ಎಂದು ಪಿಳ್ಳಣ್ಣ. "ಏಟಲ್ಲ, ಹೂವಿನ ನೀರು!" ಎಂದು ಪಾಪಮ್ಮ. ಒಳಗಿಂದ ಮುನಿತಾಯಮ್ಮ ಕೈಯಲ್ಲಿ ಮೆಣಸಿನಕಾಯಿ ಹಿಡಿದೇ ಓಡಿಬಂದಳು.

ಸೊಣ್ಣಪ್ಪ ಮಗನ ಮುಖ ನೋಡಿದ. ಮಗ ಅಪ್ಪನ ಮುಖ ನೋಡಿದ. ಇಬ್ಬರಿಗೂ ಹೇಳಲು ಇದ್ದದ್ದು ಒಂದೇ ಮಾತು. ಆದರೆ ಊರಿನ ಮುಂದೆ ಹೇಳುವಂಥದ್ದಲ್ಲ. ಪಿಳ್ಳಣ್ಣ ಇಬ್ಬರ ಕುತ್ತಿಗೆಗೂ ಸೇರಿಸಿ ಒಂದೇ ಹಾರ ಹಾಕಿದ.

ತಮಟೆ ಅತ್ತ ಹೋದ ಮೇಲೆ ಸೊಣ್ಣಪ್ಪ ನಿಟ್ಟುಸಿರುಬಿಟ್ಟು ಹೊಸ ಹಸುಗಳ ಹಗ್ಗ ಬಿಚ್ಚಿದ. "ಇವನ್ನ ನೋಡ್ಕೊಳ್ಳೋರು ಯಾರು ಇನ್ನು? ಸೂಲಿಬೆಲೆಗೆ ವಾಪಸ್ ಬಿಟ್ಟು ಬರ್ತೀನಿ ಇರು."

ಚಲಪತಿ ಬಾಗಿಲಲ್ಲೇ ನಿಂತು, ತಿರುವಿನಲ್ಲಿ ಮರೆಯಾಗುವ ತನಕ ಹಸುಗಳನ್ನು ನೋಡಿದ. ಎರಡೇ ಎರಡು ಕಂಡವು. ಮುಂಚೆಯಾಗಿದ್ದರೆ ನಾಲ್ಕಾದರೂ ಕಾಣುತ್ತಿದ್ದವು.