ಮೂವತ್ತೊಂದನೇ ಪುರವಣಿ

“ಒಂಬತ್ತು ತೂತಂತೆ! ನನ್ನ ಮಗಳು ಬರೆದಿದ್ದು ಕತೆನೋ ಜರಡಿನೋ, ಅಂಟಪ್ಪನವರೇ?”

ಮಹಡಿ ಮೆಟ್ಟಿಲ ಮೇಲಿನಿಂದ ಮೇಲ್ಮನೆಯಾಕೆಯ ದನಿ ಬಂದಾಗ ಅಂಟಪ್ಪ ಎಡಗಾಲಿಗೆ ಬೂಟು ಹಾಕಿಕೊಂಡು, ಬಲಗಾಲಿನದನ್ನು ಹುಡುಕುತ್ತ ಹೊಸಿಲಲ್ಲಿ ಕುಂಟುತ್ತಿದ್ದ.

ಅಂಟಪ್ಪ ಎಂಬುದು ಅವನ ಹೆಸರಲ್ಲ. ಗ್ರಂಥಾಲಯದ ನೆಲಮಾಳಿಗೆಯಲ್ಲಿ ಇಪ್ಪತ್ತೆಂಟು ವರ್ಷದಿಂದ ಪುಸ್ತಕಗಳಿಗೆ ರಟ್ಟು ಕಟ್ಟುವುದು ಅವನ ಕೆಲಸ. ಗೋಂದು ಅವನ ಉಗುರುಗಳ ಸಂದಿಯಲ್ಲಿ ಕಾಯಂ ಬಾಡಿಗೆಗಿತ್ತು. ಅವನ ಕೈ ಕುಲುಕಿದವರು ಬಿಡಿಸಿಕೊಳ್ಳಲು ಬೇರೆಯವರಿಗಿಂತ ಕೊಂಚ ಹೆಚ್ಚು ಹೊತ್ತು ತೆಗೆದುಕೊಳ್ಳುತ್ತಿದ್ದರು. ಆ ಹೆಸರಿಗೆ ಅವನು ಬೇಸರಪಟ್ಟವನಲ್ಲ. “ಅಂಟಿಸಿದ್ದು ಬಿಟ್ಟಿದ್ದರೆ ತಾನೇ ನಾಚಿಕೆ?” ಎನ್ನುತ್ತಿದ್ದ.

ಜಗಳ ಹುಟ್ಟಿದ್ದು ಹಿಂದಿನ ಸಂಜೆ, ಕೆಳಮನೆಯ ದರ್ಜಿಯ ಅಂಗಡಿಯಲ್ಲಿ. ‘ಉಪ್ಪಿನ ಗೋಪುರ’ ಎಂಬ ಅನಿಮೆಯ, ಅಂದರೆ ಚಲಿಸುವ ಚಿತ್ರಗಳ ಧಾರಾವಾಹಿಯ, ಮೊದಲ ಭಾಗದ ಕೊನೆಯ ಕಂತು ಟೀವಿಯಲ್ಲಿ ಆಗಷ್ಟೇ ಮುಗಿದಿತ್ತು. ಊರಿನ ಸ್ಟುಡಿಯೋದವರೇ ಮಾಡಿದ್ದು. ಬರೆದವಳು ಮೇಲ್ಮನೆಯಾಕೆಯ ಮಗಳು. ಎಲ್ಲರೂ ಹೊಗಳುತ್ತಿದ್ದಾಗ ಅಂಟಪ್ಪ ಸುಮ್ಮನಿರಲಾರದೆ, “ಒಳ್ಳೇದೇ. ಆದ್ರೆ ಒಂಬತ್ತು ಕಡೆ ತೂತಿದೆ,” ಅಂದುಬಿಟ್ಟ. ದರ್ಜಿಯ ಬಾಯಿಗೆ ಗುಂಡಿಯೂ ಇಲ್ಲ, ಕಾಜವೂ ಇಲ್ಲ. ಪರದೆ ಹೊಲಿಸಲು ಬಂದ ಮೇಲ್ಮನೆಯಾಕೆಗೆ ಬಟ್ಟೆಯ ಅಳತೆಗಿಂತ ಮೊದಲು ತೂತಿನ ಲೆಕ್ಕ ಸಿಕ್ಕಿತ್ತು.

“ಅಕ್ಕಾವ್ರೇ, ಬರವಣಿಗೆ ಚೆನ್ನಾಗೇನೋ ಇದೆ…”

“‘ಏನೋ’ ಯಾಕೆ ಬಂತು ನಡುವೆ?”

“ಆರನೇ ಕಂತಿನಲ್ಲಿ ಮುಳುಗಿದ ಹಡಗು ಏಳನೇ ಕಂತಿನಲ್ಲಿ ಸೀಟಿ ಹೊಡ್ಕೊಂಡು ಬರುತ್ತಲ್ಲ, ಅದು ಹೇಗೆ?”

“ಎತ್ತಿರ್ತಾರೆ!”

“ಸಮುದ್ರದಿಂದ? ಒಂದೇ ದಿನದಲ್ಲಿ? ಬಾವಿಗೆ ಬಿದ್ದ ಬಿಂದಿಗೆನಾ ಅದು?” ಅಂಟಪ್ಪನಿಗೆ ಹುರುಪು ಬಂತು. “ಒಳಗಿಂದ ಚಿಲಕ ಹಾಕಿದ ಗೋಪುರದೊಳಗೆ ಹುಡುಗಿ ಹೇಗೆ ಹೋದ್ಲು? ಅವಳ ಅತ್ತೆ ಕೂದಲು ವಾರದೊಳಗೆ ಹೇಗೆ ಬೆಳ್ಳಗಾಯ್ತು? ಎಲ್ಲಕ್ಕೂ ಮೂಲದಲ್ಲಿ ಉತ್ತರ ಇದೆ. ಮೂವತ್ತೊಂದನೇ ಪುರವಣಿ, ಎಂಟೇ ಪುಟ. ನಿಮ್ಮ ಮಗಳು ಅದನ್ನ ಹಾರಿಸಿದ್ದಾಳೆ.”

ಮೂಲ ಎಂದರೆ ಮಾಂಗಾ, ಚಿತ್ರಗಳಲ್ಲೇ ಓಡುವ ಕತೆ. ಇಪ್ಪತ್ತೆರಡು ವರ್ಷದ ಹಿಂದೆ ಒಂದು ವಾರಪತ್ರಿಕೆ ಅದನ್ನು ವಾರಕ್ಕೆಂಟು ಪುಟದ ಪುರವಣಿಯಾಗಿ ಹಂಚಿತ್ತು. ಬರೆದವರು ಈಗಿಲ್ಲ, ಪತ್ರಿಕೆಯೂ ಇಲ್ಲ. ಇಡೀ ಕತೆ ಉಳಿದಿದ್ದು ಗ್ರಂಥಾಲಯದ ಎರಡು ಸಂಪುಟಗಳಲ್ಲಿ ಮಾತ್ರ. ಅವನ್ನು ಮುಂದಿಟ್ಟುಕೊಂಡೇ ಹುಡುಗಿ ಟೀವಿಗೆ ಬರೆದಿದ್ದಳು. ಬಿಡಿ ಪುರವಣಿ ನೆಲಮಾಳಿಗೆಗೆ ಬಂದ ಕೂಡಲೇ ಊರಿಗೆಲ್ಲ ಮೊದಲು ಓದಿ, ಆಮೇಲೆ ಹೊಲಿದಿಟ್ಟವನು ಅಂಟಪ್ಪ.

“ಸರಿ ಹಾಗಾದ್ರೆ,” ಮೇಲ್ಮನೆಯಾಕೆ ಎರಡು ಮೆಟ್ಟಿಲು ಇಳಿದಳು. “ಇವತ್ತು ಮೂರು ಗಂಟೆಗೆ ನಿಮ್ಮ ಗ್ರಂಥಾಲಯದಲ್ಲೇ ನನ್ನ ಮಗಳ ಜೊತೆ ಓದುಗರ ಮಾತುಕತೆ ಇದೆ. ಆ ಎಂಟು ಪುಟ ಎಲ್ಲರ ಮುಂದೆ ತೋರ್ಸಿ. ತೋರ್ಸಿದ್ರೆ ಅವಳು ವೇದಿಕೆ ಮೇಲೇ ತಪ್ಪೊಪ್ಕೋತಾಳೆ. ಇಲ್ಲಾಂದ್ರೆ ನೀವು ಎದ್ದು ನಿಂತು ‘ಸುಮ್ಮನೆ ಬಾಯಿ ಬಡ್ಕೊಂಡೆ’ ಅನ್ಬೇಕು.”

“ಆಗ್ಲಿ!” ಅಂದ ಅಂಟಪ್ಪ, ಒಂದೇ ಬೂಟಿನಲ್ಲಿ ಎಷ್ಟು ನೆಟ್ಟಗೆ ನಿಲ್ಲಬಹುದೋ ಅಷ್ಟು ನೆಟ್ಟಗೆ.

ಒಳಗೆ ಹೆಂಡತಿ ಸ್ವೆಟರ್ ಹೆಣೆಯುತ್ತ ಕೂತಿದ್ದಳು. “ರೀ, ಇನ್ನೊಂದು ಬೂಟು ಬಾಗಿಲ ಹಿಂದಿದೆ. ನಿಮ್ಮ ಬಾಯಿಗೂ ಒಂದು ಬಾಗಿಲಿದ್ದಿದ್ರೆ ಚೆನ್ನಾಗಿತ್ತು.”

“ನಿನಗೇನು ಗೊತ್ತೇ? ಟೀವಿ ಮುಂದೆ ಕೂತಾಗ ನಿನ್ನ ಕಣ್ಣೆಲ್ಲ ಆ ಉಲ್ಲನ್ ಮೇಲೆ.”

ಹನ್ನೊಂದು ಗಂಟೆಯ ಹೊತ್ತಿಗೆ ಸುದ್ದಿ ದರ್ಜಿಯ ದಯೆಯಿಂದ ಔಷಧಿ ಅಂಗಡಿ ದಾಟಿತ್ತು. ಹನ್ನೆರಡಕ್ಕೆ ಯಾರೋ ಗ್ರಂಥಾಲಯಕ್ಕೆ ಫೋನ್ ಮಾಡಿ, ಜಗಳಕ್ಕೆ ಮುಂಚಿತವಾಗಿ ಜಾಗ ಹಿಡಿದಿಡಬಹುದೇ ಎಂದು ಕೇಳಿದರು. ಗ್ರಂಥಪಾಲಕರು ಏದುಸಿರು ಬಿಡುತ್ತ ನೆಲಮಾಳಿಗೆಗೆ ಇಳಿದು ಬಂದರು.

“ಏನ್ರೀ ಇದು? ಹೋದ ಸಲ ಕವಿಗೋಷ್ಠಿಗೆ ನಾವು ಏಳು ಜನ, ಅದರಲ್ಲಿ ಆರು ಜನ ಕವಿಗಳು. ಇವತ್ತು ಮಕ್ಕಳ ವಿಭಾಗದ ಕುರ್ಚಿನೂ ತರಿಸ್ತಿದ್ದೀನಿ! ಸಂಪುಟಗಳನ್ನ ಗಾಜಿನ ಪೆಟ್ಟಿಗೇಲಿಟ್ಟು ಬೀಗ ಹಾಕಿದ್ದೀನಿ. ನೀವೊಂದು ಸಲ ನೋಡ್ಕೋತೀರಾ?”

“ಕಟ್ಟಿದವನು ನಾನು ಸಾರ್. ತಾಯಿಗೆ ಮಗು ಮುಖ ತೋರಿಸೋಕೆ ಬರ್ತೀರಲ್ಲ!”

ಮೂರು ಗಂಟೆಗೆ ಓದುವ ಕೋಣೆ ಕಿಕ್ಕಿರಿದಿತ್ತು. ಔಷಧಿ ಅಂಗಡಿಯ ದಪ್ಪನೆಯ ಮಾಲೀಕರು ಮಕ್ಕಳ ಕುರ್ಚಿಯಲ್ಲಿ ಮೊಣಕಾಲನ್ನು ಗದ್ದಕ್ಕೆ ಕೊಟ್ಟು ಕೂತಿದ್ದರು. ಮೊದಲ ಸಾಲಿನಲ್ಲಿ ಮೇಲ್ಮನೆಯಾಕೆ, ಕೊನೆಯ ಸಾಲಿನಲ್ಲಿ ಸ್ವೆಟರಿನೊಂದಿಗೆ ಅಂಟಪ್ಪನ ಹೆಂಡತಿ. ವೇದಿಕೆಯ ಮೇಲಿದ್ದ ಹುಡುಗಿಗೆ ಅಮ್ಮನ ಗಂಟಲಿನ ಕಾಲುಭಾಗವೂ ಇರಲಿಲ್ಲ.

“ಮಾಮ, ಮೂವತ್ತೊಂದರಲ್ಲಿ ಏನಿತ್ತು ಅಂತ ಮೊದಲು ನೀವೇ ಹೇಳಿ,” ಎಂದಳು ಮೆಲ್ಲಗೆ.

ಅಂಟಪ್ಪ ಹೇಳಿದ. ಹೇಳಿದನೆಂದರೆ ಸಾಲದು, ಅಲೆಗಳನ್ನು ಕೈಯಲ್ಲಿ ಎಬ್ಬಿಸಿದ. ಹಡಗುಗಳು ಎರಡು, ಹೆಸರು ಒಂದೇ. ಎರಡನೆಯದು ಕಪ್ತಾನನ ಮುನಿಸಿಕೊಂಡ ತಮ್ಮನದು. ಅತ್ತೆಯ ಕೂದಲು ನರೆತದ್ದಲ್ಲ, ಉಪ್ಪಿನ ಗೋದಾಮಿನಲ್ಲಿ ಮೂರು ದಿನ ಅಡಗಿದ್ದರಿಂದ ಹಾಗಾದದ್ದು. ಗೋಪುರದ ಚಿಲಕ ತೆಗೆದವನು ಮುದಿ ಕಾವಲುಗಾರ. ಅವನು ಹುಡುಗಿಯನ್ನು ಗುರುತಿಸಿದ್ದು ಅವಳ ಕೆಮ್ಮಿನಿಂದ, ಯಾಕೆಂದರೆ ಅವಳಮ್ಮನೂ ಹಾಗೇ ಕೆಮ್ಮುತ್ತಿದ್ದಳು. ಆ ಮಾತಿಗೆ ಬಂದಾಗ ಔಷಧಿ ಅಂಗಡಿಯವರು ಕಣ್ಣೊರೆಸಿಕೊಂಡರು. ಒಂಬತ್ತಕ್ಕೆ ಒಂಬತ್ತೂ ತೂತು ಮುಚ್ಚಿ, ಅಂಟಪ್ಪ ನಾಟಕದ ರಾಜನ ಹಾಗೆ ಸಭೆಯನ್ನು ನೋಡಿದ. ಚಪ್ಪಾಳೆ ಬಿತ್ತು.

“ಚೆನ್ನಾಗಿದೆ ಮಾಮ,” ಎಂದ ಹುಡುಗಿ ಪೆಟ್ಟಿಗೆಯಿಂದ ಹೊರಗಿಟ್ಟಿದ್ದ ಸಂಪುಟ ತೆರೆದು ಸಭೆಗೆ ತೋರಿಸಿದಳು. “ಆದ್ರೆ ಇಲ್ಲಿ ಮೂವತ್ತಾದ ಮೇಲೆ ಮೂವತ್ತೆರಡಿದೆ. ಆ ವಾರ ಪುರವಣಿ ಬಂದಿಲ್ಲ ಅಂದ್ಕೊಂಡೆ.”

ಅಂಟಪ್ಪ ಬಗ್ಗಿ ನೋಡಿದ. ಮೂವತ್ತು. ಮೂವತ್ತೆರಡು. ನಡುವೆ ತನ್ನದೇ ಹೊಲಿಗೆ, ಇರುವೆ ಸಾಲಿನ ಹಾಗೆ ನೇರ, ಬಿಗಿ, ನಿರ್ದಾಕ್ಷಿಣ್ಯ.

“ಅಥವಾ ಕಟ್ಟಿದವರು ಬಿಟ್ಟಿರಬೇಕು,” ಎಂದು ಗ್ರಂಥಪಾಲಕರು ಹಿಂದಿನ ರಟ್ಟಿನ ಒಳಬದಿ ನೋಡಿದರು. ಅಲ್ಲಿ ಅಂಟಪ್ಪನ ದುಂಡು ಮುದ್ರೆ ನಗುತ್ತಿತ್ತು.

“ಅಂದ್ರೆ ಒಂಬತ್ತು ತೂತೂ ನಿನ್ನವೇ ಅಲ್ವೇನಪ್ಪಾ!” ದರ್ಜಿ ಕೂಗಿದ. ಸಭೆ ಗೊಳ್ಳೆಂದಿತು. ಮೇಲ್ಮನೆಯಾಕೆ ಸೆರಗು ಸರಿಪಡಿಸಿಕೊಂಡು ಆರಾಮಾಗಿ ಕೂತಳು.

ಅಂಟಪ್ಪನ ಬೆರಳುಗಳು ತಮ್ಮಷ್ಟಕ್ಕೆ ಆ ಹಿಂದಿನ ರಟ್ಟನ್ನು ತಟ್ಟಿದವು. ಸದ್ದು ಮಂದವಾಗಿತ್ತು. ಇನ್ನೊಮ್ಮೆ ತಟ್ಟಿದ. ನೆನಪಾಯಿತು: ಆ ವರ್ಷ ರಟ್ಟಿನ ದಾಸ್ತಾನು ಮುಗಿದು, ರದ್ದಿ ಹಾಳೆಗಳನ್ನೇ ಒಂದರ ಮೇಲೊಂದು ಅಂಟಿಸಿ, ಒತ್ತಿ, ಒಣಗಿಸಿ ರಟ್ಟು ಮಾಡಿದ್ದ. ಎಲ್ಲೋ ಕೈತಪ್ಪಿ ಆ ಎಂಟು ಪುಟ ರದ್ದಿಗೆ ಸೇರಿರಬೇಕು. ಕತೆ ಎಲ್ಲೂ ಹೋಗಿಲ್ಲ, ಈ ರಟ್ಟಿನೊಳಗೇ ಇದೆ!

ಆದರೆ ತೆಗೆಯಬೇಕೆಂದರೆ ಕಟ್ಟು ಹರಿಯಬೇಕು. ಇಪ್ಪತ್ತೆಂಟು ವರ್ಷದಲ್ಲಿ ಅವನು ಕಟ್ಟಿದ್ದರಲ್ಲೆಲ್ಲ ಚೆಂದದ್ದು ಅದು. ಹೊಸದಾಗಿ ಕೆಲಸಕ್ಕೆ ಬಂದವರಿಗೆಲ್ಲ ತೋರಿಸುತ್ತಿದ್ದದ್ದು ಅದನ್ನೇ. ಹರಿದರೆ ಬೈಂಡರಾಗಿ ಮಾನ ಹೋಗುತ್ತದೆ, ಹರಿಯದಿದ್ದರೆ ಓದುಗನಾಗಿ. ಅಂಟಪ್ಪ ಸಭೆಯತ್ತ ನೋಡಿದ, ಪುಸ್ತಕದತ್ತ ನೋಡಿದ. ಅಂಗಿಯ ತೋಳು ಮಡಚಿಕೊಂಡ.

“ಒದ್ದೆ ಬಟ್ಟೆ, ಒಂದು ಮೊಂಡು ಚೂರಿ ಕೊಡಿ ಸಾರ್. ಕತೆ ನಿಜ. ತಪ್ಪು ನನ್ನ ಕೈಯದು. ಈಗಲೇ ತೆಗೆದು ತೋರಿಸ್ತೀನಿ.”

ರಟ್ಟು ನೆನೆಯಲು ಕಾಲು ಗಂಟೆ ಹಿಡಿಯಿತು. ಅಂಟಪ್ಪನ ಅಂಟು ಅಷ್ಟು ಸುಲಭಕ್ಕೆ ಬಿಡುವಂಥದಲ್ಲ, ಆ ಹೆಮ್ಮೆಯಲ್ಲೇ ಅವನು ಅದನ್ನು ಶಪಿಸುತ್ತ ಪದರ ಪದರ ಎಬ್ಬಿಸಿದ. ಹಳೇ ಬಸ್ಸಿನ ವೇಳಾಪಟ್ಟಿ ಬಂತು. ಸೋಪಿನ ಜಾಹೀರಾತು ಬಂತು. ಮೂರನೇ ಪದರದಲ್ಲಿ, ಮೂಲೆಯಲ್ಲಿ, ಮಸುಕಾಗಿ: ಸಂಖ್ಯೆ ಮೂವತ್ತೊಂದು.

“ಇಗೋ!” ಅವನ ದನಿ ಛಾವಣಿಗೆ ಮುಟ್ಟಿತು. “ಓದಮ್ಮ, ಎಲ್ಲರಿಗೂ ಕೇಳೋ ಹಾಗೆ ಓದು!”

ಹುಡುಗಿ ಓದಿದಳು. ಪುಟದ ನಡುವೆ ಬಾಯಲ್ಲಿ ಥರ್ಮಾಮೀಟರ್ ಇಟ್ಟುಕೊಂಡ ಬೆಕ್ಕಿನ ಚಿತ್ರ. ಕೆಳಗೆ: “ಲೇಖಕರಿಗೆ ಜ್ವರ. ಈ ವಾರ ಕತೆ ಇಲ್ಲ. ಬೆಕ್ಕಿಗೆ ಬಣ್ಣ ತುಂಬಿ.” ಉಳಿದ ಏಳು ಪುಟಗಳಲ್ಲೂ ಬೆಕ್ಕುಗಳೇ.

ಅಂಟಪ್ಪ ಬೆಕ್ಕನ್ನು ನೋಡಿದ, ಬೆಕ್ಕು ಅಂಟಪ್ಪನನ್ನು ನೋಡಿತು. ಈಗ ಪೂರ್ತಿ ನೆನಪಾಯಿತು. ಆ ವಾರ ಕತೆ ಬರಲಿಲ್ಲವೆಂಬ ಸಂಕಟಕ್ಕೆ ಅವನು ದಬ್ಬಳ ಹಿಡಿದು ಹೊಲಿಯುತ್ತ ಹೊಲಿಯುತ್ತ, ಮುಂದೇನಾಗಿರಬಹುದೆಂದು ತಾನೇ ಹೆಣೆದುಕೊಂಡಿದ್ದ. ಬೆಕ್ಕುಗಳನ್ನು ರದ್ದಿಗೆ ಹಾಕಿದ್ದು ಕೈತಪ್ಪಿ ಅಲ್ಲ, ಸರಿಯಾಗಿಯೇ. ಕಟ್ಟಿನಲ್ಲಿ ತಪ್ಪೇ ಇರಲಿಲ್ಲ. ಇರದ ತಪ್ಪನ್ನು ಊರ ಮುಂದೆ ಒಪ್ಪಿಕೊಂಡು, ಚೆನ್ನಾಗಿದ್ದ ಪುಸ್ತಕವನ್ನು ತನ್ನ ಕೈಯಾರೆ ಹರಿದಿದ್ದ.

“ಹಾಗಾದ್ರೆ ಆ ಕತೆ ಯಾರದು ಮಾಮ?” ಹುಡುಗಿ ಕೇಳಿದಳು.

“ಯಾರದಾದ್ರೂ ಆಗ್ಲಿ,” ಮೇಲ್ಮನೆಯಾಕೆ ಎದ್ದು ನಿಂತಳು. “ಮೊದಲು ಒಪ್ಪಿದ ಮಾತು ಹೇಳ್ಲಿ!”

“ಸುಮ್ಮನೆ ಬಾಯಿ ಬಡ್ಕೊಂಡೆ,” ಅಂದ ಅಂಟಪ್ಪ, ಬೆಕ್ಕಿಗೆ ಮಾತ್ರ ಕೇಳುವ ಹಾಗೆ.

“ಕೊನೇ ಸಾಲಿಗೆ ಕೇಳ್ಲಿಲ್ಲ!” ಎಂದ ದರ್ಜಿ. ಇನ್ನೊಮ್ಮೆ ಹೇಳಬೇಕಾಯಿತು.

ಸಭೆ ಕರಗಿತು. ಮತ್ತೆ ಕಟ್ಟಲೆಂದು ಹರಿದ ಸಂಪುಟವನ್ನು ಕಂಕುಳಲ್ಲಿಟ್ಟುಕೊಂಡು ಅಂಟಪ್ಪ ಬಾಗಿಲು ದಾಟುವಾಗ ಹುಡುಗಿ ಓಡಿ ಬಂದಳು.

“ಮಾಮ, ತೂತಿರೋದು ನಿಜ. ಮೂಲದಲ್ಲೇ ಇದೆ. ಜ್ವರದಿಂದ ಎದ್ದ ಲೇಖಕರು ಹಿಂದಿನದ್ದು ಮರೆತುಬಿಟ್ಟಿದ್ರೋ ಏನೋ. ಸ್ಟುಡಿಯೋದಲ್ಲಿ ನಾವೂ ತಲೆ ಕೆಡಿಸ್ಕೊಂಡು ಕೈಬಿಟ್ವಿ. ನಿಮ್ಮ ಕತೆನಾ ಎರಡನೇ ಭಾಗಕ್ಕೆ ಹಾಕ್ಕೊಳ್ಳಾ? ಟೀವಿಲಿ ನಿಮ್ಮ ಹೆಸರು ಬರುತ್ತೆ. ಅಂಟಪ್ಪ ಅಲ್ಲ, ನಿಜವಾದ ಹೆಸರು.”

ಅಂಟಪ್ಪನ ಎದೆ ಉಬ್ಬಿ ಅಂಗಿಯ ಎರಡನೇ ಗುಂಡಿ ಕಿರುಗುಟ್ಟಿತು. “ಹಾಕ್ಕೋಮ್ಮ,” ಎಂದ, ಯಾರೋ ಒಂದು ಪೆನ್ನು ಕೇಳಿದರೇನೋ ಎಂಬಷ್ಟು ಉದಾರವಾಗಿ.

ಬಸ್ ನಿಲ್ದಾಣದವರೆಗೆ ಅವನು ನೆಲದ ಮೇಲೆ ನಡೆಯಲಿಲ್ಲ. “ನೋಡಿದ್ಯೇನೇ? ಊರೆಲ್ಲ ನಕ್ಕಿತಲ್ಲ, ನಗಲಿ. ಅಷ್ಟು ದೊಡ್ಡ ಲೇಖಕರಿಂದ ಆಗದ್ದು ನನ್ನಿಂದ ಆಯ್ತು. ಒಂಬತ್ತು ತೂತಿಗೂ ಒಂದೇ ತೇಪೆ!”

ಹೆಂಡತಿ ಸ್ವೆಟರಿನ ಕುಣಿಕೆ ಎಣಿಸಿ ಮುಗಿಸಿದಳು. “ಕತೆ ಚೆನ್ನಾಗಿತ್ತು ರೀ. ಒಂದೇ ತಿಳೀಲಿಲ್ಲ. ಗೋಪುರದ ಚಿಲಕ ತೆಗೆದವನು ಮುದಿ ಕಾವಲುಗಾರ ಅಂದ್ರಲ್ಲ?”

“ಹೌದು. ಯಾಕೆ?”

“ಹಡಗು ಮುಳುಗೋವಾಗ ಅವನು ಅದರೊಳಗೇ ಇದ್ನಲ್ಲ. ಕಿಟಕಿಯಿಂದ ಟೋಪಿ ಬೀಸ್ತಾ ಹೋದ, ಪಾಪ. ನಾನು ಒಂದು ಸಾಲು ಬಿಚ್ಚಿ ಹೆಣೀತಿದ್ದೆ, ಅದಕ್ಕೇ ನೆನಪಿದೆ.”

ಅಂಟಪ್ಪ ಬೆರಳು ಮಡಚಿ ಕಂತುಗಳನ್ನು ಎಣಿಸತೊಡಗಿದ.

“ಸತ್ತವನು ಬಂದು ಚಿಲಕ ತೆಗೆದ್ರೆ ಅದು ಹತ್ತನೇ ತೂತಾಗಲ್ವಾ?” ಎಂದಳು. “ಅದರ ಕೆಳಗೆ ನಿಮ್ಮ ಹೆಸರು ಬೇರೆ ಬರುತ್ತಂತೆ.”

ಬಸ್ಸು ಬಂದು ನಿಂತಿತು. ಹೆಂಡತಿ ಹತ್ತಿ ಕಿಟಕಿ ಪಕ್ಕ ಜಾಗ ಹಿಡಿದು ಅವನ ಜಾಗಕ್ಕೆ ಕೈಚೀಲವಿಟ್ಟಳು. ಕಂಡಕ್ಟರ್ ಎರಡು ಸಲ ಸೀಟಿ ಊದಿದ. ಅಂಟಪ್ಪ ತೋರುಬೆರಳು ಮೇಲೆತ್ತಿ, ತುಟಿ ಅಲ್ಲಾಡಿಸುತ್ತ, ಕಾವಲುಗಾರನನ್ನು ನೀರಿನಿಂದ ಮೇಲೆತ್ತುವ ದಾರಿ ಹುಡುಕುತ್ತ ನಿಂತೇ ಇದ್ದ; ಬಸ್ಸು ಅವನನ್ನು ಬಿಟ್ಟು ಹೊರಟಿತು.