ಮೂವತ್ತು ಸಾವಿರ ಲೀಟರ್

ಎಲ್ಲ ರಗಳೆಗೂ ಮೂಲ, ಬೆಳಗ್ಗೆ ಆರಕ್ಕೆ ನಗರಸಭೆಯವರು ಬೀದಿಯ ಬಾಯಲ್ಲಿ ಕೂರಿಸಿಹೋದ ಚೊಂಬಿನ ಗಾತ್ರದ ಒಂದು ಮೀಟರು.

ಹನ್ನೊಂದು ಮನೆಗಳ ಆ ಬೀದಿಯ ತುದಿಗೊಂದು ಖಾಲಿ ನಿವೇಶನ. ಅಲ್ಲಿ ನಾಲ್ಕು ಮಹಡಿ ಎಬ್ಬಿಸಿ, ಹಳ್ಳದ ಬದಿಯ ಜೋಪಡಿಗಳ ನಲವತ್ತೆಂಟು ಸಂಸಾರಗಳಿಗೆ ಮನೆ ಕೊಡಲು ನಗರಸಭೆ ಹೊರಟಿತ್ತು. ಬೀದಿಯವರು ತಕರಾರು ಹಾಕಿದರು: ನಮಗೇ ನೀರು ಸಾಲದು, ಅವರಿಗೆಲ್ಲಿಂದ? ಸರಿ, ಒಂದು ದಿನ ಅಳೆದು ನೋಡೋಣ ಎಂದಿತು ನಗರಸಭೆ. ಸಂಜೆ ಐದರೊಳಗೆ ಬಳಕೆ ಮೂವತ್ತು ಸಾವಿರ ಲೀಟರ್ ದಾಟಿದರೆ ಕಟ್ಟಡ ರದ್ದು. ಬೀದಿಯ ನಿಜವಾದ ಬಳಕೆ ಎಂಟು ಸಾವಿರ.

ನಿವೇಶನಕ್ಕೆ ಅಂಟಿಕೊಂಡ ಕೊನೆಯ ಮನೆ ಕೈಗಡಿಯಾರ ರಿಪೇರಿಯವನದು. ಕಡ್ಡಿಯಂಥ ಮೈ, ಸದಾ ಗಡಿಬಿಡಿ. ಬೀದಿಯವರ ಬಾಯಲ್ಲಿ ಅವನು 'ಸೆಕೆಂಡ್ ಮುಳ್ಳು'. ಸಾಸಿವೆಗಿಂತ ಸಣ್ಣ ಸ್ಕ್ರೂ ಹಿಡಿಯಲು ಅವನಿಗಿದ್ದ ಬೆಳಕು ನಿವೇಶನದ ಕಡೆಯ ಒಂದೇ ಕಿಟಕಿಯದು. ಬಲ್ಬಿನ ಬೆಳಕಿಗೆ ಕಣ್ಣು ಮಂಜಾಗುತ್ತಿತ್ತು. ಅಲ್ಲಿ ಗೋಡೆ ಎದ್ದರೆ ಅವನ ಅನ್ನ ಹೋದಂತೆಯೇ.

"ನಿನ್ನ ಮನೆ ಇಳಿಜಾರಲ್ಲಿದೆ ಕಣಯ್ಯ, ನಲ್ಲಿ ತಿರುಗಿಸಿದ್ರೆ ಜಲಪಾತ! ಬೀದಿ ಮಾನ ನಿನ್ನ ಕೈಲಿ," ಎಂದರು ನಿವೃತ್ತ ಹೆಡ್‌ಮಾಸ್ತರು, ಬೆನ್ನು ತಟ್ಟಿ.

"ಹಲ್ಲುಜ್ಜೋವಾಗ ನಲ್ಲಿ ಬಿಟ್ಟಳು ಅಂತ ಮಗಳಿಗೆ ಬೈದೋರು ಇವರೇ ತಾನೆ?" ಎಂದು ಸೆಕೆಂಡ್ ಮುಳ್ಳಿನ ಹೆಂಡತಿ, ಗಂಡನಿಗೆ ಕೇಳುವಂತೆ, ಗೋಡೆಗೆ ಹೇಳಿದಳು.

"ಇವತ್ತೊಂದಿನ ಬಿಟ್ಟುಬಿಡೇ!"

ಪರದೆ ತೊಳೆದ, ಚಾಪೆ ತೊಳೆದ, ತಾರಸಿ ತೊಳೆದ. ಹಾಸಿಗೆ ನೀರು ಕುಡಿದು ಬಸುರಿ ಎಮ್ಮೆಯಂತೆ ಬಚ್ಚಲ ಬಾಗಿಲಲ್ಲಿ ಸಿಕ್ಕಿಕೊಂಡಿತು. ಒಳಗಿದ್ದ ಮಗಳನ್ನು ಬೆಳಕಿಂಡಿಯಿಂದ ಇಳಿಸಬೇಕಾಯಿತು. ಸುದ್ದಿ ಕೇಳಿ ಪಕ್ಕದ ಮನೆಯಾಕೆ ತನ್ನ ಮೂರು ಕಂಬಳಿ ತಂದು ಅವನ ಮುಂದೆ ಎಸೆದಳು. "ತೊಳೀತಾನೇ ಇದ್ದೀರಲ್ಲ, ಇವನ್ನೂ ಹಾಕ್ಕೊಳ್ಳಿ. ಬೀದಿ ಒಳ್ಳೇದಕ್ಕೆ!"

ಮಧ್ಯಾಹ್ನ ಎರಡಕ್ಕೆ ಮೀಟರು ಇಪ್ಪತ್ತನಾಲ್ಕು ಸಾವಿರದಲ್ಲಿತ್ತು. ಬೀದಿಯ ಉತ್ಸಾಹ ಆಗಲೇ ಬತ್ತಿತ್ತು. ಹೆಡ್‌ಮಾಸ್ತರ ಮನೆಯ ಮೋಟಾರು ಸುಟ್ಟಿತ್ತು, ಉಳಿದವರು ಊಟ ಮಾಡಿ ಮಲಗಿದ್ದರು. ಸೆಕೆಂಡ್ ಮುಳ್ಳು ಮಾತ್ರ ಪೈಪು ಹಿಡಿದು, ತೊಳೆಯಲು ಏನೂ ಉಳಿಯದೆ, ನಿವೇಶನದ ಮಣ್ಣಿಗೆ ನೀರು ಬಿಡುತ್ತಿದ್ದ.

"ಪೈಪ್ ಒಡೆದಿದ್ಯಾ ಅಣ್ಣಾ?" ಬೀದಿ ಗುಡಿಸುವ ಅಕ್ಕ ಪೊರಕೆ ಊರಿ ನಿಂತಳು.

"ಇಲ್ಲಕ್ಕಾ... ತೊಳೀತಿದ್ದೀನಿ."

"ಮಣ್ಣನ್ನಾ?"

ಅವನ ಕಿವಿ ಕೆಂಪಾಯಿತು.

"ಹಳ್ಳದ ಹತ್ರ ನಮ್ಮ ನಲವತ್ತೆಂಟು ಮನೆಗೆ ಒಂದೇ ನಲ್ಲಿ. ಅದೂ ಬರೀ ಕೆಮ್ಮುತ್ತೆ, ಉಗುಳಲ್ಲ. ಆ ನೀರನ್ನ ನಮ್ಮ ಕೊಡಕ್ಕಾದ್ರೂ ಬಿಡಿ."

ಕೊಡ ತರಲು ಹೇಳಿ ಅವನು ಪೈಪನ್ನು ಮಣ್ಣಿನಿಂದೆತ್ತಿದ. ಅರ್ಧ ಗಂಟೆಯಲ್ಲಿ ಕೊಡ, ಡ್ರಮ್ಮು, ಬಕೆಟ್ಟುಗಳ ಸಾಲು ಮನೆಯಿಂದ ಮೀಟರಿನವರೆಗೆ ಬೆಳೆಯಿತು. ನಿದ್ದೆಯಿಂದೆದ್ದ ಹೆಡ್‌ಮಾಸ್ತರು ಕೂಗಾಡಲೆಂದು ಓಡಿಬಂದು, ಮೀಟರು ನೋಡಿ, ದನಿ ತಗ್ಗಿಸಿದರು.

"ಹಿಡೀಲಿ ಬಿಡು! ಅವರನ್ನ ದೂರ ಇಡೋಕೆ ಅವರೇ ನೀರು ಹೊರ್ತಾರೆ ಅಂದ್ರೆ ನಮಗೇನು ನಷ್ಟ?"

ಐದಕ್ಕೆ ಹತ್ತು ನಿಮಿಷವಿರುವಾಗ ಮೀಟರು ಮೂವತ್ತು ಸಾವಿರ ದಾಟಿತು. ಬೀದಿಯ ಗಂಡಸರು ಸೆಕೆಂಡ್ ಮುಳ್ಳನ್ನು ಹೆಗಲ ಮೇಲೆತ್ತಿ ಕುಣಿದರು.

ಐದಕ್ಕೆ ಸರಿಯಾಗಿ ನಗರಸಭೆಯ ಇಂಜಿನಿಯರು ಬಂದ. ಮೀಟರು ನೋಡಿದ. ಸಾಲು ನೋಡಿದ. ಕನ್ನಡಕ ತೆಗೆದು ಒರೆಸಿಕೊಂಡ.

"ಇಷ್ಟು ಜನಕ್ಕೆ ಇದೊಂದೇ ನಲ್ಲಿಯಾ?"

"ಹೌದು ಸಾರ್, ನೋಡಿ ನಮ್ಮ ಪಾಡು!" ಎಂದರು ಹೆಡ್‌ಮಾಸ್ತರು, ಗಂಟಲು ಗದ್ಗದ ಮಾಡಿಕೊಂಡು.

"ಸರಿ. ಈ ನಿವೇಶನದಲ್ಲಿ ಕಟ್ಟಡ ಬರಲ್ಲ."

ಚಪ್ಪಾಳೆ ಬಿತ್ತು. ಇಂಜಿನಿಯರು ಪಕ್ಕಕ್ಕೆ ಹೋಗಿ ಫೋನಿನಲ್ಲಿ ಮೇಲಿನವರೊಂದಿಗೆ ಮಾತಾಡಿ ಬಂದ.

"ಇಷ್ಟು ಬರ ಕಣ್ಣಾರೆ ಕಂಡ ಮೇಲೆ ಸುಮ್ಮನಿರೋಕಾಗುತ್ತಾ? ಇಲ್ಲಿ ನೀರಿನ ಟ್ಯಾಂಕು ಕಟ್ಟಿಸ್ತೀವಿ. ಆರು ಮಹಡಿ ಎತ್ತರ."

ಹೆಗಲ ಮೇಲಿದ್ದ ಸೆಕೆಂಡ್ ಮುಳ್ಳು ತಾನಾಗಿಯೇ ಕೆಳಗಿಳಿದ. "ಯಾವ ಮೂಲೇಲಿ ಸಾರ್?"

"ಇಳಿಜಾರಿನ ಮೂಲೆ. ಅಗೋ, ಆ ಕಿಟಕಿ ಇದೆಯಲ್ಲ, ಅದಕ್ಕೆ ನೇರ. ಇನ್ನು ನೀರಿನ ತಾಪತ್ರಯ ಇಲ್ಲವಲ್ಲ, ಆ ನಲವತ್ತೆಂಟು ಮನೆಗಳನ್ನ ಹೆಡ್‌ಮಾಸ್ತರ ಮನೆ ಎದುರಿನ ಮೈದಾನಕ್ಕೆ ಹಾಕಿದ್ದೀವಿ."

ಹೆಡ್‌ಮಾಸ್ತರು ಮೀಟರಿನ ಮೇಲೇ ಕೂತುಬಿಟ್ಟರು.

"ಸಾರ್, ಟ್ಯಾಂಕಿಗೆ ತಕರಾರು ಅರ್ಜಿ ಹಾಕಬಹುದಾ?" ಸೆಕೆಂಡ್ ಮುಳ್ಳಿನ ದನಿ ಕೀ ಮುಗಿದ ಗಡಿಯಾರದಂತಾಗಿತ್ತು.

"ಧಾರಾಳವಾಗಿ! ನಮಗೆ ನೀರು ಬೇಡ ಅಂತ ಬರೆದು, ಇವರೆಲ್ಲರ ಸಹಿ ಹಾಕಿಸಿಕೊಂಡು ಬನ್ನಿ." ಇಂಜಿನಿಯರು ಸಾಲಿನತ್ತ ಕೈ ತೋರಿಸಿದ.

ಬೀದಿ ಗುಡಿಸುವ ಅಕ್ಕ ತಲೆಯ ಮೇಲೆ ಸಿಂಬಿ ಸರಿಮಾಡಿಕೊಂಡಳು.

"ಸಹಿ ಆಮೇಲೆ ನೋಡೋಣ ಅಣ್ಣಾ. ಮೊದಲು ಈ ಕೊಡಕ್ಕೊಂದು ಕೈ ಹಾಕಿ."