ಅಂಟಿಕೊಂಡ ಎರಡು ಪುಟಗಳ ಕುರಿತು ಹಿರಿಯ ಚೆಲ್ಲೊವಾದಕರಿಗೆ

ನಾಲ್ವರು ವಾದಕರ ಬಳಗದ ಹಿರಿಯರೂ, ಮೊನ್ನೆಯವರೆಗೆ ನನ್ನ ಅಕ್ಕನ ಗುರುಗಳೂ ಆಗಿದ್ದ ಮಾನ್ಯರೇ,

ತಮ್ಮ ಬೆರಳಿಗೂ ಕೆಮ್ಮಿಗೂ ಕ್ಷೇಮ ಕೋರಿ, ಒಂಬತ್ತನೇ ತರಗತಿಗೇ ಶಾಲೆಗೆ ಕೈಮುಗಿದು ಹೊರಬಂದ ನಾನು ಈ ಪತ್ರವನ್ನು ಊರೆಲ್ಲ ಓದಲೆಂದೇ ಬರೆಯುತ್ತಿದ್ದೇನೆ.

ಭಾನುವಾರದ ಕಚೇರಿಯಲ್ಲಿ ಮೊದಲು ನುಡಿಸಿದ, ರೊಮ್ಯಾಂಟಿಕ್ ಯುಗದ ಕೊನೆಗಾಲದ ಕೃತಿಯ ಬಗ್ಗೆ ನನ್ನ ತಕರಾರಿಲ್ಲ. ಸುಳ್ಳೇಕೆ ಹೇಳಲಿ, ಅದು ಮುಗಿಯುವಷ್ಟರಲ್ಲಿ ಚಾವಣಿಯ ದೀಪಗಳನ್ನು ಎರಡು ಸಲ ಎಣಿಸಿದ್ದೆ. ಆದರೆ ಎರಡನೆಯದು, ಆಧುನಿಕ ಯುಗದ ಆರಂಭದ್ದೆಂದು ಕರಪತ್ರ ಹೇಳಿದ ಆ ಒರಟು ಕೃತಿ, ನನಗೆ ಬಾಯಿಪಾಠ, ಏಕೆಂದರೆ ತಾವು ನಾಲ್ವರೂ ಮೂರು ತಿಂಗಳು ಅದನ್ನು ಅಭ್ಯಾಸ ಮಾಡಿದ್ದು ನಮ್ಮ ಮನೆಯಲ್ಲಿ, ನನ್ನ ಕೋಣೆಯ ಗೋಡೆಯಾಚೆ. ಹಾಗಾಗಿ ತಾವು ನಡುವಿನ ಒಂದಿಡೀ ಭಾಗವನ್ನು ನುಂಗಿ ಮುಂದಕ್ಕೆ ಹಾರಿದಾಗ ಸಭಿಕರಲ್ಲಿ ಬೆಚ್ಚಿದವನು ನಾನೊಬ್ಬನೇ.

ಪಿಟೀಲಿನ ಇಬ್ಬರು ವಿನಯವಂತರಾದ್ದರಿಂದ ತಮ್ಮ ಹಿಂದೆಯೇ ಹಾರಿದರು. ಪಿಟೀಲಿಗಿಂತ ತುಸು ದೊಡ್ಡದಾದ ವಯೋಲ ಹಿಡಿದಿದ್ದ ಅಕ್ಕ ಹಾರಲಿಲ್ಲ. ಮೂವರೂ ಮುಗಿಸಿ ಕಮಾನು ಎತ್ತಿ ಹಿಡಿದ ಮೇಲೂ ಅವಳು ಉಳಿದದ್ದನ್ನು ಒಂದು ಸ್ವರವನ್ನೂ ಬಿಡದೆ ಒಂಟಿಯಾಗಿ ನುಡಿಸಿದಳು. ಆಗ ತಾವು ಎದ್ದು ನಿಂತು, ಹುಡುಗಿ ಗಾಬರಿಯಲ್ಲಿ ದಾರಿ ತಪ್ಪಿದಳು, ಕ್ಷಮಿಸಬೇಕು ಎಂದು ಸಭಿಕರನ್ನು ಕೇಳಿಕೊಂಡ ಔದಾರ್ಯ ನೆನೆದರೆ ಕಣ್ಣು ತುಂಬುತ್ತದೆ. ಮಾರನೆಯ ದಿನವೇ ಅವಳನ್ನು ಬಳಗದಿಂದ ಬಿಡಿಸಿ ವಿಶ್ರಾಂತಿಯನ್ನೂ ದಯಪಾಲಿಸಿದಿರಿ.

ಕಚೇರಿ ಮುಗಿದ ಮೇಲೆ ಅಕ್ಕನ ವಯೋಲದ ಪೆಟ್ಟಿಗೆ ತರಲು ವೇದಿಕೆ ಹತ್ತಿದಾಗ ತಮ್ಮ ಸ್ವರಲಿಪಿಯನ್ನು ಅಪ್ಪಣೆಯಿಲ್ಲದೆ ಮುಟ್ಟಿದ್ದು ನನ್ನ ತಪ್ಪು. ಅದರ ಎಂಟು ಮತ್ತು ಒಂಬತ್ತನೇ ಪುಟಗಳ ನಡುವೆ ತಾವು ಅರ್ಧ ಚೀಪಿಟ್ಟ ಕೆಮ್ಮಿನ ಮಾತ್ರೆಯೊಂದು ಕರಗಿ, ಎರಡನ್ನೂ ಒಂದೇ ಮಾಡಿತ್ತು.

ಅಕ್ಕನಿಗೆ ಹೇಳಿದೆ. "ನಂಗೊತ್ತು ಕಣೋ. ಮೂರು ಜನ ಹೋಗಿದ್ದೇ ದಾರಿ ಅಂತಾರೆ. ಪುಟದಲ್ಲಿ ಬರೆದಿದ್ದನ್ನ ನಾನು ನುಡಿಸ್ದೆ, ಅಷ್ಟೆ" ಎಂದು ಗೋಡೆಗೆ ಮುಖಮಾಡಿ ಮಲಗಿದಳು. ವಯೋಲ ಪೆಟ್ಟಿಗೆಯಿಂದ ಹೊರಬಂದಿಲ್ಲ. ಇಷ್ಟು ಸದ್ದಿಲ್ಲದ ಮನೆಯಲ್ಲಿ ನನಗೆ ಕೂತಲ್ಲಿ ಕೂರಲಾಗುತ್ತಿಲ್ಲ.

ಆದಕಾರಣ, ತೀರಿಕೊಂಡ ಕೃತಿಕಾರರನ್ನು ತಾವು ಮೆಲ್ಲನೆ ಎಬ್ಬಿಸಿ, ಆ ಎರಡು ಪುಟಗಳನ್ನು ಅವರ ಕೈಯಿಂದಲೇ ಹರಿದುಹಾಕಿಸಬೇಕಾಗಿ ವಿನಂತಿ. ಅದಾಗದಿದ್ದರೆ ಅದೇ ವೇದಿಕೆಯಲ್ಲಿ ಮತ್ತೆ ಎದ್ದು ನಿಂತು, ದಾರಿ ತಪ್ಪಿದವರು ಯಾರೆಂದು ಹೇಳಬೇಕು. ತಮಗೆ ಮೊದಲನೆಯದೇ ಸುಲಭವೆನಿಸಬಹುದು.

ಸ್ವರಲಿಪಿ ಓದಲು ಬಾರದ, ಕಿವಿ ಮಾತ್ರ ನೆಟ್ಟಗಿರುವ,
ತಮ್ಮ ವಿಶ್ವಾಸಿ,
ವಯೋಲದವಳ ತಮ್ಮ

ಮರೆತದ್ದು: ಇದನ್ನು ಮಡಚುವಷ್ಟರಲ್ಲಿ, ಅಕ್ಕನ ಜಾಗಕ್ಕೆ ತಾವು ಆರಿಸಿದ ಹುಡುಗಿ ಆ ಕೃತಿ ಕೈಗೆ ಕೂರುತ್ತಿಲ್ಲವೆಂದು ಮನೆಗೇ ಬಂದಳು. ಅಕ್ಕ ಎದ್ದು ಮುಖ ತೊಳೆದು ಕಲಿಸಲು ಕೂತಿದ್ದಾಳೆ. ಎರಡು ತಾಸಾಯಿತು, ತಾವು ಹಾರಿದ ಭಾಗವನ್ನು ಅವರಿನ್ನೂ ದಾಟಿಲ್ಲ. ಮುಂದಿನ ಕಚೇರಿಯಲ್ಲಿ ಈ ಹುಡುಗಿಯೂ ಹಾರಲಾರಳು. ತಾವು ಈಗಲೇ ಅಭ್ಯಾಸ ಶುರುಮಾಡುವುದು ಒಳ್ಳೆಯದು.